ನಾವಿಕರ ಕುಟುಂಬಗಳೂ ನೌಕಾ ಇತಿಹಾಸವೂ: ‘ಸಿಡ್ನಿ’ ಯುದ್ಧನೌಕೆಯ ನಿದರ್ಶನ

1. ಪ್ರವೇಶ

ಮುಂಬಯಿಯ ಬೊರಿವಲಿಗೆ ಸೇರಿದ ಎಕ್ಸಾರಿನ ವೀರಗಲ್ಲುಗಳು ಶಿಲ್ಪಾಭ್ಯಾಸಿಗಳಿಗೆ ಪರಿಚಿತವಾದವು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ತುರುಗೋಳ್, ಊರಳಿವು, ಗಡಿಕಾಳಗಗಳ ಚಿತ್ರಣ ಹೇರಳವಾಗಿದ್ದರೆ, ಎಕ್ಸಾರಿನ ಕಲ್ಲುಗಳಲ್ಲಿ ಹುಟ್ಟುಹಾಕುವವರ ಸಾಲುಗಳುಳ್ಳ ನೌಕೆಗಳು ಕಾಣಿಸುತ್ತವೆ. ಹದಿಮೂರನೆಯ ಶತಮಾನದಲ್ಲಿ ಶಿಲಾಹಾರ ಸೋಮೇಶ್ವರನಿಗೂ ಯಾದವ ಮಹಾದೇವನಿಗೂ ನಡೆದ ಕಡಲಕಾಳಗವನ್ನು ಇವು ನಿರೂಪಿಸುತ್ತವೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಪ್ರಚಲಿತವಾಗಿದೆ. ಕಡಲಿನಲ್ಲಿ ಮಡಿದವನಿಗೂ ನೆಲದ ಮೇಲೆ ಒಂದು ಕಲ್ಲು ನಿಲ್ಲಬೇಕೆಂಬ ಹಂಬಲ ಎಷ್ಟು ಹಳೆಯದೆಂಬುದಕ್ಕೆ ಇವು ಸಾಕ್ಷಿಯಾಗಿವೆ.

ನೆಲದ ಮೇಲೆ ಮಡಿದ ಯೋಧನಿಗೆ ಮಡಿದ ಸ್ಥಳವೊಂದಿರುತ್ತದೆ. ಅನೇಕ ವೇಳೆ ಸಮಾಧಿಯೂ ಇರುತ್ತದೆ. ನೌಕೆಯೊಡನೆ ಮುಳುಗಿದ ನಾವಿಕನಿಗೆ ಇವೆರಡೂ ಇಲ್ಲ. ಅವನ ಮನೆಯವರಿಗೆ ಉಳಿಯುವುದು ಒಂದು ತಂತಿ, ಕೆಲವು ಕಾಗದಗಳು, ಒಂದು ಭಾವಚಿತ್ರ. ‘ಎಲ್ಲಿ, ಹೇಗೆ’ ಎಂಬ ಪ್ರಶ್ನೆ ಆ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತದೆ. ಈ ಪ್ರಶ್ನೆಯನ್ನು ಹಿಡಿದು ಕುಟುಂಬಗಳು ಒಟ್ಟಾಗಿ ಇತಿಹಾಸದ ಶೋಧಕ್ಕೆ ತೊಡಗಿದಾಗ ಏನಾಗುತ್ತದೆ? ಅವರ ಸ್ಮೃತಿಗೆ ಸಾಕ್ಷ್ಯವಾಗಿ ಎಷ್ಟು ಬೆಲೆ? ಆಸ್ಟ್ರೇಲಿಯದ ‘ಸಿಡ್ನಿ’ ಯುದ್ಧನೌಕೆಯ ವೃತ್ತಾಂತವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಘಟನೆಯ ಸ್ವರೂಪ

‘ಸಿಡ್ನಿ’ ಎಂಬ ಹೆಸರು ಆಸ್ಟ್ರೇಲಿಯದ ನೌಕಾಪಡೆಗೆ ಮೊದಲಿನಿಂದಲೂ ಕೀರ್ತಿಯ ಹೆಸರಾಗಿತ್ತು. 1914ರ ಸೆಪ್ಟೆಂಬರ್ 22ರಂದು ಮದರಾಸಿನ ಮೇಲೆ ಗುಂಡು ಸುರಿಸಿದ ಜರ್ಮನಿಯ ‘ಎಮ್ಡನ್’ ನೌಕೆಯನ್ನು ಅದೇ ವರ್ಷದ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಸೋಲಿಸಿದ್ದು ಆ ಹೆಸರಿನ ಮೊದಲನೆಯ ನೌಕೆ. ಇಲ್ಲಿ ಚರ್ಚಿಸುತ್ತಿರುವುದು ಎರಡನೆಯ ‘ಸಿಡ್ನಿ’. 1935ರಲ್ಲಿ ಸೇವೆಗೆ ಸೇರಿದ ಈ ಕ್ರೂಸರ್ ನೌಕೆ 1940ರ ಜುಲೈ 19ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಇಟಲಿಯ ‘ಬಾರ್ತೊಲೊಮಿಯೊ ಕೊಲಿಯೋನಿ’ಯನ್ನು ಮುಳುಗಿಸಿ, 1941ರ ಫೆಬ್ರವರಿಯಲ್ಲಿ ತಾಯ್ನಾಡಿಗೆ ಮರಳಿದಾಗ ಜನ ವಿಜಯೋತ್ಸವದಿಂದ ಬರಮಾಡಿಕೊಂಡಿದ್ದರು.

ಅದೇ ವರ್ಷದ ನವೆಂಬರಿನಲ್ಲಿ, ಕ್ಯಾಪ್ಟನ್ ಜೋಸೆಫ್ ಬರ್ನೆಟ್‌ನ ನಾಯಕತ್ವದಲ್ಲಿ, ಸೈನಿಕರನ್ನು ಸಾಗಿಸುತ್ತಿದ್ದ ‘ಝೀಲ್ಯಾಂಡಿಯ’ಕ್ಕೆ ಸುಂದಾ ಜಲಸಂಧಿಯವರೆಗೆ ಬೆಂಗಾವಲಾಗಿ ಹೋದ ‘ಸಿಡ್ನಿ’ ಮರಳಿ ಫ್ರೀಮ್ಯಾಂಟಲ್ ಬಂದರಿಗೆ ಹೊರಟಿತ್ತು. ನವೆಂಬರ್ 19ರ ಅಪರಾಹ್ನ, ಪಶ್ಚಿಮ ಆಸ್ಟ್ರೇಲಿಯದ ಕಡಲಿನಲ್ಲಿ ‘ಸ್ಟ್ರಾಟ್ ಮಲಕ್ಕ’ ಎಂಬ ಡಚ್ ವ್ಯಾಪಾರಿ ಹಡಗಿನ ವೇಷ ಧರಿಸಿದ್ದ ಹಡಗೊಂದು ಅದರ ಕಣ್ಣಿಗೆ ಬಿದ್ದಿತು. ಅದು ವಾಸ್ತವವಾಗಿ ಟೆಯೊಡೋರ್ ಡೆಟ್ಮರ್ಸ್‌ನ ಅಧೀನದಲ್ಲಿದ್ದ ಜರ್ಮನಿಯ ‘ಕೊರ್ಮೊರಾನ್’. ರಹಸ್ಯ ಸಂಕೇತವನ್ನು ತಿಳಿಸಬೇಕೆಂದು ಕೇಳುತ್ತ ‘ಸಿಡ್ನಿ’ ತೀರ ಹತ್ತಿರಕ್ಕೆ ಬಂದಿತು. ವೇಷವನ್ನು ಕಳಚಿದ ‘ಕೊರ್ಮೊರಾನ್’ ಒಮ್ಮೆಲೇ ಗುಂಡು ಹಾರಿಸಿತು. ಟಾರ್ಪೆಡೊ ಒಂದು ‘ಸಿಡ್ನಿ’ಯ ಮುಂಭಾಗಕ್ಕೆ ಬಡಿಯಿತು. ಉರಿಯುತ್ತ ದಕ್ಷಿಣಕ್ಕೆ ಸರಿದ ನೌಕೆಯ ಬೆಳಕು ರಾತ್ರಿಯ ದಿಗಂತದಲ್ಲಿ ಮರೆಯಾಯಿತು. ಪೆಟ್ಟುತಿಂದಿದ್ದ ‘ಕೊರ್ಮೊರಾನ್’ ಅನ್ನು ಅದರ ಸಿಬ್ಬಂದಿಯೇ ಮುಳುಗಿಸಿತು.

‘ಕೊರ್ಮೊರಾನ್’ನಲ್ಲಿದ್ದ ಸುಮಾರು 400 ಜನರಲ್ಲಿ 300ಕ್ಕೂ ಹೆಚ್ಚು ಮಂದಿ ಬದುಕಿ ಸೆರೆಯಾದರು. ‘ಸಿಡ್ನಿ’ಯಲ್ಲಿದ್ದ 645 ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಇವರಲ್ಲಿ ವಾಯುಪಡೆಯ ಆರು ಮಂದಿಯೂ ಕ್ಯಾಂಟೀನಿನ ನಾಲ್ವರು ನಾಗರಿಕರೂ ಇದ್ದರು. ನವೆಂಬರ್ 26ರಂದು ಮನೆಮನೆಗೆ ತಂತಿ ಹೋಯಿತು. ಪ್ರಧಾನಿ ಜಾನ್ ಕರ್ಟಿನ್ ನೌಕೆಯ ನಾಶವನ್ನು ಅಧಿಕೃತವಾಗಿ ಪ್ರಕಟಿಸಿದ್ದು ನವೆಂಬರ್ 30ರಂದು. ಈ ನಡುವಣ ದಿನಗಳ ಮೌನ, ಮುಂದಿನ ಅರುವತ್ತು ವರ್ಷಗಳ ವಾದವಿವಾದಗಳಿಗೆ ಬೀಜವಾಯಿತೆಂದರೆ ತಪ್ಪಾಗಲಾರದು.

3. ಸಂಶಯದ ಕಾರಣಗಳು

ಕುಟುಂಬಗಳು ಅಧಿಕೃತ ವಿವರಣೆಯನ್ನು ನಂಬದೆಹೋದುದಕ್ಕೆ ಕಾರಣಗಳನ್ನು ಹೀಗೆ ವಿಂಗಡಿಸಬಹುದು. ಒಂದು: ಬಲಿಷ್ಠವಾದ ಯುದ್ಧನೌಕೆಯೊಂದು ವ್ಯಾಪಾರಿ ಹಡಗನ್ನು ಮಾರ್ಪಡಿಸಿ ಸಜ್ಜುಗೊಳಿಸಿದ ನೌಕೆಗೆ ಸೋತಿತೆಂಬುದು ಅಸಂಭವವಾಗಿ ತೋರಿತು. ಎರಡು: ಶತ್ರುಗಳು ನೂರಾರು ಸಂಖ್ಯೆಯಲ್ಲಿ ಉಳಿದರು, ತಮ್ಮವರಲ್ಲಿ ಒಬ್ಬನೂ ಉಳಿಯಲಿಲ್ಲ. ಮೂರು: ಯುದ್ಧಕಾಲದ ಸುದ್ದಿನಿರ್ಬಂಧದಿಂದಾಗಿ ವದಂತಿಯೇ ವಾರ್ತೆಯ ಸ್ಥಾನವನ್ನು ಪಡೆಯಿತು. ನಾಲ್ಕು, ಇದೇ ಮುಖ್ಯವಾದುದು: ನಡೆದುದನ್ನು ಹೇಳಲು ಉಳಿದಿದ್ದ ಸಾಕ್ಷಿಗಳೆಲ್ಲ ಶತ್ರುಗಳು. ಮಗನನ್ನು ಕಳೆದುಕೊಂಡ ತಾಯಿಗೆ, ಅವನನ್ನು ಕೊಂದವರ ಮಾತನ್ನೇ ಇತಿಹಾಸವೆಂದು ಒಪ್ಪಿಕೋ ಎಂದು ಹೇಳಿದಂತಾಯಿತು.

ಈ ಹಿನ್ನೆಲೆಯಲ್ಲಿ 1981ರಲ್ಲಿ ಪ್ರಕಟವಾದ ಮೈಕೇಲ್ ಮಾಂಟ್‌ಗೊಮೆರಿಯ ಗ್ರಂಥವನ್ನು ಗಮನಿಸಬೇಕು. ಈತ ‘ಸಿಡ್ನಿ’ಯ ಪಥನಿರ್ದೇಶಕ ಅಧಿಕಾರಿಯ ಮಗ. ಜರ್ಮನರ ಹೇಳಿಕೆಗಳು ಕಟ್ಟುಕಥೆಯೆಂದೂ, ಜಪಾನಿನ ಜಲಾಂತರ್ಗಾಮಿಯ ಕೈವಾಡವಿತ್ತೆಂದೂ, ನೀರಿನಲ್ಲಿದ್ದ ನಾವಿಕರನ್ನು ಕೊಲ್ಲಲಾಯಿತೆಂದೂ ಈತ ವಾದಿಸಿದ. ಜಪಾನು ಆಗಿನ್ನೂ ಯುದ್ಧಕ್ಕಿಳಿದಿರಲಿಲ್ಲ. ಆದಕಾರಣ ಈ ಆರೋಪದ ಗುರುತ್ವ ಅಲ್ಪವಾದುದಲ್ಲ. 1984ರಲ್ಲಿ ಬಾರ್ಬರಾ ವಿಂಟರ್, ಜರ್ಮನ್ ದಾಖಲೆಗಳನ್ನು ಮೂಲಭಾಷೆಯಲ್ಲಿಯೇ ಪರಿಶೀಲಿಸಿ, ಸೆರೆಯಾಳುಗಳ ಹೇಳಿಕೆಗಳು ಮುಖ್ಯಾಂಶಗಳಲ್ಲಿ ವಿಶ್ವಾಸಾರ್ಹವೆಂದು ಪ್ರತಿಪಾದಿಸಿದರು. ಒಂದು ಪಕ್ಷ ರಕ್ತಸಂಬಂಧದ ಬಲದಿಂದ ಮಾತನಾಡುತ್ತಿತ್ತು. ಇನ್ನೊಂದು ಪಕ್ಷ ದಾಖಲೆಗಳ ಬಲದಿಂದ. ಮಾಂಟ್‌ಗೊಮೆರಿಯ ಉತ್ತರಗಳು ಮುಂದೆ ನಿಲ್ಲಲಿಲ್ಲ. ಆದರೆ ಮುಚ್ಚಿಹೋಗಲಿದ್ದ ಪ್ರಶ್ನೆ ಆತನ ಗ್ರಂಥದಿಂದ ಮತ್ತೆ ತೆರೆದುಕೊಂಡಿತೆಂಬುದನ್ನು ಅಲ್ಲಗಳೆಯುವಂತಿಲ್ಲ.

4. ಒಟ್ಟುಗೂಡಿದ ಶೋಧ

1997ರಲ್ಲಿ ಆಸ್ಟ್ರೇಲಿಯದ ಸಂಸತ್ತು ಈ ವಿಷಯದ ವಿಚಾರಣೆಯನ್ನು ತನ್ನ ಸಮಿತಿಯೊಂದಕ್ಕೆ ಒಪ್ಪಿಸಿತು. ಬಂಧುಗಳಿಂದ, ನಿವೃತ್ತ ನಾವಿಕರಿಂದ, ಸಂಶೋಧಕರಿಂದ ನೂರಾರು ಮನವಿಗಳು ಬಂದವು. 1999ರಲ್ಲಿ ವರದಿ ಹೊರಬಂದಿತು. ಅಲ್ಲಿಯವರೆಗೆ ಒಂದೊಂದು ಮನೆಯ ದುಃಖವಾಗಿದ್ದುದು ಈ ಹಂತದಲ್ಲಿ ಸಾರ್ವಜನಿಕ ಇತಿಹಾಸದ ಸಾಮಗ್ರಿಯಾಯಿತು. 2001ರಲ್ಲಿ ಜೆರಾಲ್ಡ್‌ಟನ್ ಪಟ್ಟಣದ ಬೆಟ್ಟದ ಮೇಲೆ ಲೋಹದ 645 ಕಡಲಹಕ್ಕಿಗಳಿಂದ ರಚಿತವಾದ ಗುಮ್ಮಟದ ಸ್ಮಾರಕ ನಿಂತಿತು. ಅದರ ಸಮೀಪದಲ್ಲಿ ಕಡಲನ್ನು ನೋಡುತ್ತ ಕಾಯುವ ಹೆಣ್ಣಿನ ಪ್ರತಿಮೆಯಿದೆ. ಅದುವರೆಗೆ ಈ ನಾವಿಕರ ಹೆಸರುಗಳು ಇಂಗ್ಲೆಂಡಿನ ಪ್ಲಿಮತ್ ನೌಕಾ ಸ್ಮಾರಕದಲ್ಲಿಯೂ ಕೆತ್ತಲ್ಪಟ್ಟಿದ್ದವು. ಬಹುಪಾಲು ಬಂಧುಗಳಿಗೆ ಅದು ದೂರದ ನಾಡು.

ನೌಕೆಯನ್ನು ಹುಡುಕುವ ಕಾರ್ಯದಲ್ಲಿ ಎದುರಾದುದು ಹಳೆಯ ಸಮಸ್ಯೆಯೇ: ಶತ್ರುವಿನ ಮಾತನ್ನು ನಂಬಬೇಕೆ, ಬಿಡಬೇಕೆ? ಯುದ್ಧ ನಡೆದ ಸ್ಥಳವನ್ನು ಕುರಿತು ಸೆರೆಯಾಳುಗಳು ಕೊಟ್ಟ ಹೇಳಿಕೆಗಳು ಪರಸ್ಪರ ಹೊಂದುತ್ತಿರಲಿಲ್ಲ. ಅವು ಸುಳ್ಳೆಂಬುದಕ್ಕೆ ಇದೇ ಸಾಕ್ಷಿಯೆಂದು ಹಲವರು ಭಾವಿಸಿದ್ದರು. ಮನೋವಿಜ್ಞಾನಿಗಳಾದ ಕಿಮ್ ಕಿರ್ಸ್ನರ್ ಮತ್ತು ಜಾನ್ ಡನ್ ಇದಕ್ಕೆ ಬೇರೊಂದು ಅರ್ಥವನ್ನು ಕಂಡರು. ಅನೇಕರು ಒಂದೇ ಸಂಗತಿಯನ್ನು ನೆನಪಿನಿಂದ ಹೇಳುವಾಗ ಅಲ್ಪಸ್ವಲ್ಪ ವ್ಯತ್ಯಾಸ ಬರುವುದು ಸಹಜ. ಆ ವ್ಯತ್ಯಾಸಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡು ಹೇಳಿಕೆಗಳೆಲ್ಲ ಒಗ್ಗೂಡುವ ಸ್ಥಳವನ್ನು ಅವರು ಗುರುತಿಸಿದರು. ಇದಲ್ಲದೆ, ಡೆಟ್ಮರ್ಸ್ ಸೆರೆಯಲ್ಲಿದ್ದಾಗ ನಿಘಂಟೊಂದರ ಅಕ್ಷರಗಳ ಕೆಳಗೆ ಸಣ್ಣ ಚುಕ್ಕೆಗಳನ್ನಿಟ್ಟು ಗುಪ್ತವಾಗಿ ಬರೆದಿಟ್ಟ ಯುದ್ಧವರದಿಯೂ ಉಳಿದುಬಂದಿತ್ತು. ಆ ನಿಘಂಟನ್ನು ಕಾಪಾಡಿಕೊಂಡು ಬಂದವರು ಆತನ ಬಂಧುಗಳು. ಹೀಗೆ ಶತ್ರುಪಕ್ಷದ ಕುಟುಂಬವೂ ಈ ಇತಿಹಾಸಕ್ಕೆ ತನ್ನ ಪಾಲನ್ನು ಸಲ್ಲಿಸಿತು.

ಡೇವಿಡ್ ಮರ್ನ್ಸ್‌ನ ನೇತೃತ್ವದಲ್ಲಿ ನಡೆದ ಶೋಧದಲ್ಲಿ 2008ರ ಮಾರ್ಚ್ 12ರಂದು ‘ಕೊರ್ಮೊರಾನ್’, ಮಾರ್ಚ್ 16ರಂದು ‘ಸಿಡ್ನಿ’ ಪತ್ತೆಯಾದವು. ಸುಮಾರು 2,500 ಮೀಟರ್ ಆಳದಲ್ಲಿ, ಒಂದರಿಂದೊಂದು ಇಪ್ಪತ್ತು ಕಿಲೋಮೀಟರಿಗಿಂತ ತುಸು ಹೆಚ್ಚಿನ ಅಂತರದಲ್ಲಿ ಅವು ಬಿದ್ದಿದ್ದವು. ಮನೋವಿಜ್ಞಾನಿಗಳು ಸೂಚಿಸಿದ್ದ ಸ್ಥಳದಿಂದ ‘ಕೊರ್ಮೊರಾನ್’ ಕೆಲವೇ ಕಿಲೋಮೀಟರುಗಳ ದೂರದಲ್ಲಿತ್ತು. ‘ಸಿಡ್ನಿ’ಯ ಮುಂಭಾಗ ಮುರಿದು ಪ್ರತ್ಯೇಕವಾಗಿ ಬಿದ್ದಿತ್ತು, ಗುಂಡಿನ ಗಾಯಗಳು ಸೆರೆಯಾಳುಗಳ ವರ್ಣನೆಗೆ ಹೊಂದುತ್ತಿದ್ದವು. ತರುವಾಯ ಟೆರೆನ್ಸ್ ಕೋಲ್ ನಡೆಸಿದ ವಿಚಾರಣೆಯ ವರದಿ 2009ರಲ್ಲಿ ಪ್ರಕಟವಾಯಿತು. ಜಪಾನಿನ ಜಲಾಂತರ್ಗಾಮಿಯ ಕಥೆಗೂ ನೀರಿನಲ್ಲಿದ್ದವರನ್ನು ಕೊಂದರೆಂಬ ಕಥೆಗೂ ಆಧಾರವಿಲ್ಲವೆಂದು ಅದು ನಿರ್ಣಯಿಸಿತು. ಜರ್ಮನ್ ನಾವಿಕರು ಹೇಳಿದ್ದು ಮುಖ್ಯಾಂಶಗಳಲ್ಲಿ ನಿಜವಾಗಿತ್ತು. ಅರುವತ್ತೇಳು ವರ್ಷ ಅದನ್ನು ನಂಬಲಾರದೆ ಬದುಕಿದವರಿಗೆ ಈ ನಿರ್ಣಯವನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲವೆಂಬುದನ್ನು ಓದುಗರು ಊಹಿಸಬಹುದು.

5. ಹೆಸರಿಲ್ಲದ ನಾವಿಕ

1942ರ ಫೆಬ್ರವರಿಯಲ್ಲಿ ಕ್ರಿಸ್‌ಮಸ್ ದ್ವೀಪದ ಬಳಿ, ಒಬ್ಬ ನಾವಿಕನ ಶವವಿದ್ದ ತೆಪ್ಪವೊಂದು ತೇಲಿಬಂದಿತು. ದ್ವೀಪದವರು ಅವನನ್ನು ಮರ್ಯಾದೆಯಿಂದ ಮಣ್ಣುಮಾಡಿದರು. ಕೆಲವೇ ವಾರಗಳಲ್ಲಿ ದ್ವೀಪ ಜಪಾನಿನ ವಶವಾಯಿತು. ಸಮಾಧಿಯ ಗುರುತು ಅಳಿಸಿತು. ಅವನು ‘ಸಿಡ್ನಿ’ಯವನೆ ಎಂಬುದೂ ದೀರ್ಘಕಾಲ ವಿವಾದದ ವಿಷಯವಾಗಿತ್ತು. 2001ರಲ್ಲಿ ನಡೆದ ಹುಡುಕಾಟ ಫಲಿಸಲಿಲ್ಲ. 2006ರಲ್ಲಿ ಅಸ್ಥಿ ದೊರೆಯಿತು. 2008ರ ನವೆಂಬರ್ 19ರಂದು ಅದನ್ನು ಜೆರಾಲ್ಡ್‌ಟನ್ನಿನ ಯುದ್ಧಸ್ಮಶಾನದಲ್ಲಿ, ಹೆಸರಿಲ್ಲದೆಯೇ, ಮತ್ತೆ ಹೂಳಲಾಯಿತು.

ಮುಂದಿನ ಕೆಲಸ ವಂಶಾವಳಿಯ ಅಭ್ಯಾಸಿಗಳದು. ಹಲ್ಲಿನಿಂದ ತೆಗೆದ ವಂಶವಾಹಿಯನ್ನು ‘ಸಿಡ್ನಿ’ಯ ನಾವಿಕರ ಬಂಧುಗಳ ವಂಶವಾಹಿಯೊಡನೆ ಹೋಲಿಸಬೇಕಿತ್ತು. ಇದಕ್ಕಾಗಿ ಅಕ್ಕತಂಗಿಯರ, ಅವರ ಹೆಣ್ಣುಮಕ್ಕಳ ಸಾಲನ್ನು ಹಿಡಿದು ತಾಯಿಯ ಕಡೆಯ ವಂಶವನ್ನು ಗುರುತಿಸುತ್ತ ಹೋಗಬೇಕಾಯಿತು. ಅಳಿಯಸಂತಾನದ ಕ್ರಮವನ್ನು ಬಲ್ಲ ಕರಾವಳಿಯ ಕನ್ನಡಿಗರಿಗೆ ಈ ಬಗೆಯ ಎಣಿಕೆ ಹೊಸದೇನಲ್ಲ. 2021ರ ನವೆಂಬರಿನಲ್ಲಿ, ಯುದ್ಧಕ್ಕೆ ಎಂಬತ್ತು ವರ್ಷ ತುಂಬಿದಾಗ, ಅವನ ಹೆಸರನ್ನು ಪ್ರಕಟಿಸಲಾಯಿತು: ಬ್ರಿಸ್ಬೇನಿನ ಥಾಮಸ್ ವೆಲ್ಸ್‌ಬಿ ಕ್ಲಾರ್ಕ್. ಅವನು ನೌಕೆಗೆ ಸೇರಿ ಕೆಲವೇ ತಿಂಗಳುಗಳಾಗಿದ್ದವು. ಅವನಿಗಾಗಿ ಕಾದಿದ್ದ ತಂದೆತಾಯಿಗಳು ಆ ಹೊತ್ತಿಗೆ ಇರಲಿಲ್ಲ. ಹೆಸರನ್ನು ಮರಳಿ ಕೊಟ್ಟವರು ಅವನನ್ನು ಎಂದೂ ಕಾಣದ ತಲೆಮಾರಿನ ಬಂಧುಗಳು.

6. ಸಮಾರೋಪ

ಮೇಲಿನ ವೃತ್ತಾಂತದಿಂದ ಇತಿಹಾಸದ ಅಭ್ಯಾಸಿಗೆ ದೊರೆಯುವ ತಿಳಿವಳಿಕೆ ಸ್ಪಷ್ಟವಾಗಿದೆ. ಮನೆಯ ಸಾಕ್ಷ್ಯಕ್ಕೆ ತನ್ನದೇ ಆದ ವ್ಯಾಪ್ತಿಯಿದೆ. ನವೆಂಬರ್ 11ರಂದು ಬಂದರು ಬಿಡುವ ಮೊದಲು ಬರೆದ ಕಾಗದ, 19ರ ಸಂಜೆ ನಡೆದುದನ್ನು ಹೇಳಲಾರದು. ಆ ಸಂಜೆಯ ಸಂಗತಿಯನ್ನು ಶತ್ರುಗಳ ಬಾಯಿಂದಲೇ ಕೇಳಬೇಕಾಯಿತು. ಅವರ ಮಾತು ನಿಜವೇ ಎಂಬುದನ್ನು ಕಡಲತಳ ಹೇಳಬೇಕಾಯಿತು. ಆದರೆ ತೆಪ್ಪದಲ್ಲಿ ಮಡಿದವನು ಯಾರೆಂಬ ಪ್ರಶ್ನೆಗೆ ದಾಖಲೆಗಳೂ ಶತ್ರುಗಳೂ ಉತ್ತರ ಕೊಡಲಾರದೆ ಹೋದಾಗ ಉತ್ತರ ಬಂದುದು ಬಂಧುಗಳ ರಕ್ತದಿಂದ. ನೌಕೆ ಹೇಗೆ ಮುಳುಗಿತೆಂಬುದಕ್ಕೆ ಪ್ರೀತಿ ಪ್ರಮಾಣವಾಗಲಾರದು. ಪ್ರೀತಿಯಿಲ್ಲದಿದ್ದರೆ ಆ ನೌಕೆಯನ್ನು ಹುಡುಕುವವರೂ ಇರುತ್ತಿರಲಿಲ್ಲ.

ನಮ್ಮ ಕಡಲಿಗೂ ಇಂತಹ ನೆನಪುಗಳಿವೆ. 1971ರ ಡಿಸೆಂಬರ್ 9ರಂದು ದೀವ್ ತೀರದಾಚೆ ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯ ಟಾರ್ಪೆಡೊಗೆ ತುತ್ತಾದ ‘ಖುಕ್ರಿ’ಯೊಡನೆ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿದಂತೆ 18 ಅಧಿಕಾರಿಗಳೂ 176 ನಾವಿಕರೂ ಮುಳುಗಿದರು. ದೀವ್‌ನಲ್ಲಿ ಅವರ ಸ್ಮಾರಕವಿದೆ. ಸ್ಮಾರಕ ಹೆಸರುಗಳನ್ನು ಉಳಿಸುತ್ತದೆ; ಆ ಹೆಸರುಗಳ ಹಿಂದಿನ ಬದುಕು ಮನೆಗಳಲ್ಲಿ ಉಳಿದಿರುತ್ತದೆ. ಮುಂಬಯಿಯಂತಹ ಬಂದರು ನಗರದಲ್ಲಿ ನೌಕಾಪಡೆ, ಹಡಗುಕಟ್ಟೆ, ವ್ಯಾಪಾರಿ ಹಡಗುಗಳಲ್ಲಿ ದುಡಿದವರ ಕುಟುಂಬಗಳು ಇನ್ನೂ ಇವೆ. ಅವರ ಪೆಟ್ಟಿಗೆಗಳಲ್ಲಿರುವ ಕಾಗದ, ಸೇವಾಪುಸ್ತಕ, ಭಾವಚಿತ್ರಗಳನ್ನು ದಿನಾಂಕ ಸಹಿತ ಬರೆದಿಟ್ಟು, ಹಿರಿಯರ ಮಾತನ್ನು ಅವರಿರುವಾಗಲೇ ದಾಖಲಿಸುವುದು ಪ್ರಾದೇಶಿಕ ಇತಿಹಾಸದ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸ. ಹಾಗೆ ದಾಖಲಿಸುವಾಗ, ಇದು ಕಂಡದ್ದು, ಇದು ಕೇಳಿದ್ದು, ಇದು ಊಹಿಸಿದ್ದು ಎಂದು ಬೇರ್ಪಡಿಸಿ ಬರೆದುಕೊಳ್ಳುವ ಎಚ್ಚರ ಅವಶ್ಯ. ‘ಸಿಡ್ನಿ’ಯ ಕುಟುಂಬಗಳು ಈ ಮೂರರ ನಡುವಣ ಅಂತರವನ್ನು ಅರಿಯಲು ಅರುವತ್ತೇಳು ವರ್ಷ ತೆತ್ತರು.