ಮನೆಯಲ್ಲೇ ಮಾಡುವ ಡಿಎನ್‌ಎ ಪರೀಕ್ಷೆ: ಜಾಲತಾಣದ ವರದಿಯನ್ನು ಎಷ್ಟು ನಂಬಬೇಕು?

ಕಳೆದ ವರ್ಷದ ಶ್ರಾವಣ ಮಾಸದಲ್ಲಿ ಹಾವೇರಿ ಜಿಲ್ಲೆಯ ದಂಪತಿಗಳು ತಮ್ಮ ಹಿರಿಯ ಮಗಳೊಂದಿಗೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಕೈಯಲ್ಲಿ ನಲವತ್ತು ಪುಟಗಳ ಮುದ್ರಿತ ವರದಿ. ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿರುವ ಕಿರಿಯ ಮಗಳು ಅದನ್ನು ಕಳುಹಿಸಿದ್ದಳು. “ನಮ್ಮ ರಕ್ತದಾಗ ಕ್ಯಾನ್ಸರ್ ಐತಂತ್ರೀ ಡಾಕ್ಟರ” ಎಂದು ತಂದೆ ತಲೆ ತಗ್ಗಿಸಿದರು. ಹಿರಿಯ ಮಗಳು ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ. ತಂಗಿಗಿರುವುದು ತನಗೂ ಇರಲೇಬೇಕೆಂದು ಭಾವಿಸಿ, ರೋಗ ಬರುವ ಮುನ್ನವೇ ಎರಡೂ ಸ್ತನಗಳನ್ನು ತೆಗೆಸಿಬಿಡುವುದೆಂದು ನಿಶ್ಚಯಿಸಿ, ಒಳ್ಳೆಯ ಶಸ್ತ್ರಚಿಕಿತ್ಸಕರ ಹೆಸರು ಕೇಳಲು ಬಂದಿದ್ದರು.

ವರದಿಯನ್ನು ಆದ್ಯಂತವಾಗಿ ಓದಿದೆವು. ಅದರಲ್ಲಿ ಯಾವ ವೈದ್ಯರ ಸಹಿಯೂ ಇರಲಿಲ್ಲ. ವಿಚಾರಿಸಿದಾಗ ತಿಳಿದದ್ದಿಷ್ಟು: ಕಿರಿಯ ಮಗಳು ಪೂರ್ವಜರ ಮೂಲ ತಿಳಿಯುವ ಕುತೂಹಲದಿಂದ ಒಂದು ಕಂಪನಿಯ ಕಿಟ್ ತರಿಸಿಕೊಂಡು, ಕೊಳವೆಯಲ್ಲಿ ಎಂಜಲು ತುಂಬಿ ಅಂಚೆಯಲ್ಲಿ ಕಳುಹಿಸಿದ್ದಳು. ಆ ಕಂಪನಿಯು ಕ್ಯಾನ್ಸರ್ ಕುರಿತು ಏನನ್ನೂ ಹೇಳಿರಲಿಲ್ಲ. ಅದು ನೀಡಿದ ಕಚ್ಚಾ ದತ್ತಾಂಶದ ಕಡತವನ್ನು ಆಕೆ ಮತ್ತೊಂದು ಜಾಲತಾಣಕ್ಕೆ ಕೆಲವೇ ಡಾಲರ್ ತೆತ್ತು ಕೊಟ್ಟಿದ್ದಳು. ಬಿಆರ್‌ಸಿಎ ಎಂಬ ವಂಶವಾಹಿಯ ಹೆಸರಿನ ಮುಂದೆ ಕೆಂಪು ಗುರುತು ಹಾಕಿದ್ದು ಈ ಎರಡನೆಯ ಜಾಲತಾಣ.

ಇಲ್ಲಿ ನಡೆದದ್ದೇನು ಎಂಬುದನ್ನು ಓದುಗ ಬಂಧುಗಳು ಸ್ವಲ್ಪ ವಿವರವಾಗಿ ತಿಳಿಯಬೇಕು. ಮಾನವನ ವಂಶವಾಹಿ ಗ್ರಂಥದಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳಿವೆ. ಮನೆಯ ಪರೀಕ್ಷೆಗಳಲ್ಲಿ ಬಳಸುವ ಚಿಪ್ ಅದರಲ್ಲಿ ಓದುವುದು ಸಾಮಾನ್ಯವಾಗಿ ಆರೇಳು ಲಕ್ಷ ಅಕ್ಷರಗಳನ್ನು ಮಾತ್ರ. ಅದೂ ಒಂದೊಂದಾಗಿ ಬಿಡಿಸಿ ಓದುವುದಲ್ಲ. ಅನೇಕ ಜನರ ಮಾದರಿಗಳಿಂದ ಬಂದ ಸಂಕೇತಗಳನ್ನು ಗುಂಪುಗೂಡಿಸಿ, ಇವರದು ಈ ಗುಂಪು, ಅವರದು ಆ ಗುಂಪು ಎಂದು ಗಣಕಯಂತ್ರವು ನಿರ್ಣಯಿಸುತ್ತದೆ. ಬಹುಜನರಲ್ಲಿ ಕಾಣುವ ವ್ಯತ್ಯಾಸಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಆದರೆ ಲಕ್ಷಕ್ಕೊಬ್ಬರಲ್ಲಿ ಇರುವಂಥ ವ್ಯತ್ಯಾಸಕ್ಕೆ ಹೋಲಿಸಿ ನೋಡಲು ಗುಂಪೇ ಇರುವುದಿಲ್ಲ. ಆಗ ಯಂತ್ರದ ಚಿಕ್ಕದೊಂದು ಏರುಪೇರೂ ರೋಗಕಾರಕ ಬದಲಾವಣೆಯಂತೆ ದಾಖಲಾಗುತ್ತದೆ. ಎರಡನೆಯ ಜಾಲತಾಣವು ಎಂಜಲನ್ನು ಮತ್ತೆ ಪರೀಕ್ಷಿಸುವುದಿಲ್ಲ. ಕಡತದಲ್ಲಿರುವ ಅಕ್ಷರಗಳನ್ನು ಪ್ರಕಟಿತ ಸಂಶೋಧನೆಗಳ ಪಟ್ಟಿಯೊಂದಿಗೆ ತಾಳೆ ನೋಡಿ, ಹೊಂದಿದ್ದನ್ನೆಲ್ಲ ಮುದ್ರಿಸುತ್ತದೆ, ಅಷ್ಟೆ. ಕಡತದಲ್ಲಿ ತಪ್ಪಿದ್ದರೆ ವರದಿಯಲ್ಲೂ ತಪ್ಪು.

ಇಂತಹ ಸೇವೆಗಳು ಬೆಳೆದುದಕ್ಕೊಂದು ಹಿನ್ನೆಲೆಯಿದೆ. ೨೦೧೩ರ ನವೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟ್ವೆಂಟಿಥ್ರೀ ಆ್ಯಂಡ್ ಮಿ ಕಂಪನಿಗೆ ಎಚ್ಚರಿಕೆಯ ಪತ್ರ ಕೊಟ್ಟಿತು. ಕಂಪನಿಯು ಹೊಸ ಗ್ರಾಹಕರಿಗೆ ಆರೋಗ್ಯ ವರದಿ ಕೊಡುವುದನ್ನು ನಿಲ್ಲಿಸಿತು. ಕಚ್ಚಾ ಕಡತವನ್ನು ಕೊಡುವುದು ಮಾತ್ರ ಮುಂದುವರಿಯಿತು. ಜನರು ಆ ಕಡತವನ್ನು ಹಿಡಿದು ಪ್ರೊಮಿಥೀಸ್ ಮೊದಲಾದ ಸೇವೆಗಳತ್ತ ನಡೆದರು. ಭಾರತದಲ್ಲಿಯೂ ಇಂದು ಎಂಜಲಿನ ಪರೀಕ್ಷೆ ಮಾರುವವರಿದ್ದಾರೆ, ಬೇರೆಡೆಯ ಕಡತಕ್ಕೆ ಅರ್ಥ ಹೇಳುವವರೂ ಇದ್ದಾರೆ.

ತಪ್ಪಿನ ಪ್ರಮಾಣ ಎಷ್ಟು? ೨೦೧೮ರಲ್ಲಿ ಅಮೆರಿಕದ ಆ್ಯಂಬ್ರಿ ಜೆನೆಟಿಕ್ಸ್ ಪ್ರಯೋಗಾಲಯದವರು, ಕಚ್ಚಾ ದತ್ತಾಂಶದಲ್ಲಿ ಕಂಡು ತಮ್ಮಲ್ಲಿಗೆ ಖಚಿತಪಡಿಸಲು ಬಂದ ಬದಲಾವಣೆಗಳಲ್ಲಿ ಶೇಕಡಾ ೪೦ರಷ್ಟು ಸುಳ್ಳೆಂದು ಪ್ರಕಟಿಸಿದರು. ೨೦೨೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಇನ್ನೂ ಕಠಿಣವಾದುದು. ಯುಕೆ ಬಯೋಬ್ಯಾಂಕ್‌ನ ಸುಮಾರು ೫೦,೦೦೦ ಜನರ ಚಿಪ್ ಫಲಿತಾಂಶವನ್ನು ಪೂರ್ಣ ಓದಿನ ಫಲಿತಾಂಶದೊಂದಿಗೆ ಹೋಲಿಸಿದಾಗ, ಬಿಆರ್‌ಸಿಎ ವಂಶವಾಹಿಗಳಲ್ಲಿ ಅಪರೂಪದ ರೋಗಕಾರಕ ಬದಲಾವಣೆ ಇದೆಯೆಂದು ಚಿಪ್ ಹೇಳಿದ ಪ್ರತಿ ನೂರರಲ್ಲಿ ನಾಲ್ಕು ಮಾತ್ರ ನಿಜವಾಗಿದ್ದವು. ನಮ್ಮ ಮುಂದೆ ಕುಳಿತ ಶಿಕ್ಷಕಿ ಶಸ್ತ್ರಚಿಕಿತ್ಸೆಗೆ ಸಿದ್ಧರಾದದ್ದು ಇಂಥದೊಂದು ಗುರುತನ್ನು ನಂಬಿ, ಅದೂ ತಮ್ಮ ದೇಹದಲ್ಲಿ ಪರೀಕ್ಷಿಸದ ಗುರುತನ್ನು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ೨೦೧೮ರ ಮಾರ್ಚ್‌ನಲ್ಲಿ ಮೇಲ್ಕಂಡ ಕಂಪನಿಗೆ ಬಿಆರ್‌ಸಿಎಯ ಮೂರು ಬದಲಾವಣೆಗಳನ್ನು ತಿಳಿಸಲು ಅನುಮತಿ ದೊರೆಯಿತು. ಆ ಮೂರೂ ಪೂರ್ವ ಯುರೋಪಿನ ಅಶ್ಕೆನಾಜಿ ಯಹೂದಿ ಮೂಲದವರಲ್ಲಿ ಹೆಚ್ಚಾಗಿ ಕಾಣುವಂಥವು. ಈ ವಂಶವಾಹಿಗಳಲ್ಲಿ ತಿಳಿದಿರುವ ರೋಗಕಾರಕ ಬದಲಾವಣೆಗಳು ಸಾವಿರಕ್ಕೂ ಮಿಗಿಲು. ಕನ್ನಡ ನಾಡಿನ ಮಹಿಳೆಗೆ ‘ಕಂಡುಬಂದಿಲ್ಲ’ ಎಂಬ ಉತ್ತರ ಬಂದರೆ ಅದರಿಂದ ತಿಳಿಯುವುದು ಬಹಳ ಅಲ್ಪ. ಆ ಉತ್ತರವನ್ನು ನೆಚ್ಚಿ ಸ್ತನದಲ್ಲಿ ಕಂಡ ಗಂಟನ್ನು ಕಡೆಗಣಿಸಬಾರದು.

ಇನ್ನೊಂದು ಸಂಗತಿ ಗರ್ಭಿಣಿಯರಿಗೆ ಸಂಬಂಧಿಸಿದ್ದು. ಎಂಟಿಎಚ್‌ಎಫ್‌ಆರ್ ಎಂಬ ವಂಶವಾಹಿಯ ವ್ಯತ್ಯಾಸ ಬಹು ಸಾಮಾನ್ಯ; ಆದುದರಿಂದಲೇ ಇಂತಹ ವರದಿಗಳಲ್ಲಿ ಅದು ಪದೇ ಪದೇ ಕಾಣಿಸುತ್ತದೆ. ಇದನ್ನು ನೋಡಿ “ನನಗೆ ಫೋಲಿಕ್ ಆಮ್ಲ ಜೀರ್ಣವಾಗದು” ಎಂದು ಮಾತ್ರೆ ಬಿಟ್ಟು, ದುಬಾರಿ ಪುಡಿಗಳನ್ನು ಕೊಳ್ಳುವವರಿದ್ದಾರೆ. ಆ ವ್ಯತ್ಯಾಸ ಇರುವವರೂ ಫೋಲಿಕ್ ಆಮ್ಲವನ್ನು ಬಳಸಿಕೊಳ್ಳಬಲ್ಲರು. ಶಿಶುವಿನ ಮಿದುಳು ಮತ್ತು ಬೆನ್ನುಹುರಿಯ ದೋಷಗಳನ್ನು ತಡೆಯುತ್ತದೆಂದು ಸಿದ್ಧಪಟ್ಟಿರುವುದು ಅದೇ ಮಾತ್ರೆ. ಗರ್ಭ ನಿಲ್ಲುವ ಮೊದಲಿನಿಂದ ಮೊದಲ ಮೂರು ತಿಂಗಳವರೆಗೆ ಅದನ್ನು ಬಿಡಕೂಡದು. ಇಂತಹ ವರದಿ ನೋಡಿ ಲೇಹ್ಯ, ಚೂರ್ಣ ಬರೆದುಕೊಡುವ ಪ್ರಲೋಭನೆ ನಮ್ಮ ವೃತ್ತಿಬಾಂಧವರಿಗೂ ಉಂಟಾದೀತು, ದಯವಿಟ್ಟು ಬೇಡ. ಚರಕ ಸಂಹಿತೆಯಲ್ಲಿ ಬೀಜದೋಷದ ವಿಚಾರವಿದೆ, ನಿಜ. ಅದನ್ನು ತೋರಿಸಿ ಇದೆಲ್ಲ ನಮಗೆ ಆಗಲೇ ಗೊತ್ತಿತ್ತು ಎನ್ನುವುದು ರೋಗಿಗೆ ಉಪಕಾರಿಯಲ್ಲ.

ಕಡತದ ಭದ್ರತೆಯ ಬಗೆಗೂ ಒಂದು ಮಾತು. ನಮ್ಮ ಡಿಎನ್‌ಎ ನಮ್ಮೊಬ್ಬರದಲ್ಲ. ಒಡಹುಟ್ಟಿದವರದೂ ಮಕ್ಕಳದೂ ಅದರಲ್ಲಿ ಸೇರಿದೆ. ೨೦೧೮ರಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ಜೆಡ್‌ಮ್ಯಾಚ್ ಎಂಬ ತಾಣದಲ್ಲಿದ್ದ ದೂರದ ಬಂಧುಗಳ ಕಡತಗಳ ಸುಳಿವಿನಿಂದ ಹಳೆಯ ಕೊಲೆಗಾರನೊಬ್ಬನನ್ನು ಹಿಡಿದರು. ಒಳ್ಳೆಯದೇ ಆಯಿತು, ಆದರೆ ಆತ ತಾನಾಗಿ ಏನನ್ನೂ ಕೊಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ೨೦೨೩ರಲ್ಲಿ ಟ್ವೆಂಟಿಥ್ರೀ ಆ್ಯಂಡ್ ಮಿಯ ಸುಮಾರು ೬೯ ಲಕ್ಷ ಗ್ರಾಹಕರ ಮಾಹಿತಿ ಕಳ್ಳರ ಪಾಲಾಯಿತು. ೨೦೨೫ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು.

ನಾವು ವಂಶವಾಹಿ ತಜ್ಞರಲ್ಲ. ಆದುದರಿಂದ ಆ ಕುಟುಂಬಕ್ಕೆ ಎರಡೇ ಕೆಲಸ ಹೇಳಿದೆವು. ಯಾರಲ್ಲಿ ದೋಷ ಕಂಡಿದೆಯೋ ಆಕೆ, ಎಂದರೆ ಕಿರಿಯ ಮಗಳು, ತನ್ನ ವೈದ್ಯರ ಮೂಲಕ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಹೊಸ ಮಾದರಿ ಕೊಟ್ಟು ಪರೀಕ್ಷಿಸಿಕೊಳ್ಳುವುದು ಮೊದಲನೆಯದು. ಮನೆತನದ ಮೂರು ತಲೆಮಾರಿನವರ ಕಾಯಿಲೆ, ಅದು ಬಂದ ವಯಸ್ಸು, ಮರಣದ ಕಾರಣ ಇವನ್ನು ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬರೆದುಕೊಂಡು ವಂಶವಾಹಿ ಸಲಹೆಗಾರರನ್ನು ಕಾಣುವುದು ಎರಡನೆಯದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗಗಳಲ್ಲಿ ಇಂತಹ ಸಲಹೆ ದೊರೆಯುತ್ತದೆ.

ಕೆಲವು ವಾರಗಳಲ್ಲಿ ಟೆಕ್ಸಾಸ್‌ನಿಂದ ಉತ್ತರ ಬಂತು: ಆ ಬದಲಾವಣೆ ಇಲ್ಲ. ಆದರೆ ವಂಶದ ಪಟ್ಟಿ ಬರೆಯಲು ಕುಳಿತಾಗ ತಂದೆಗೆ ನೆನಪಾದದ್ದು ಬೇರೆ. ಅವರ ಅಕ್ಕ ನಲವತ್ತೊಂದರ ಪ್ರಾಯದಲ್ಲಿ ‘ಎದೆಯ ಹುಣ್ಣಿ’ನಿಂದ ತೀರಿಕೊಂಡಿದ್ದರು. ಗಂಡು ಮಕ್ಕಳ ಮೂಲಕ ಇದು ಹರಿಯದೆಂದು ನಂಬಿ ಯಾರೂ ಆ ಮಾತನ್ನೇ ಎತ್ತಿರಲಿಲ್ಲ. ಬಿಆರ್‌ಸಿಎ ದೋಷವು ತಂದೆಯಿಂದಲೂ ಮಗಳಿಗೆ ಬರಬಲ್ಲುದು. ನಲವತ್ತು ಪುಟಗಳ ವರದಿಯ ಯಾವ ಪುಟವೂ ಆ ಸೋದರತ್ತೆಯ ಬಗ್ಗೆ ಕೇಳಿರಲಿಲ್ಲ. ಸಲಹೆಗಾರರ ಸೂಚನೆಯಂತೆ ತಂದೆಯ ರಕ್ತದಲ್ಲಿ ಆ ವಂಶವಾಹಿಗಳ ಪೂರ್ಣ ಪರೀಕ್ಷೆ ನಡೆಯಿತು, ದೋಷ ಸಿಗಲಿಲ್ಲ. ಶಿಕ್ಷಕಿ ಈಗ ವರ್ಷಕ್ಕೊಮ್ಮೆ ತಜ್ಞ ವೈದ್ಯರಲ್ಲಿ ತಪಾಸಣೆ ಮಾಡಿಸಿಕೊಳ್ಳುತ್ತಿದ್ದಾರೆ. ಶಸ್ತ್ರಚಿಕಿತ್ಸೆಯ ಮಾತು ಅಲ್ಲಿಗೇ ನಿಂತಿತು.