ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಕಾವಿನ ಲೆಕ್ಕ



ಕಂಪ್ಯೂಟರಿನಲ್ಲಿ ಒಳ್ಳೆಯ ಆಟ ಆಡಬೇಕು, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದು ಮನೆಯಲ್ಲಿ ಹಟ ಹಿಡಿದವರು ನಮ್ಮಲ್ಲೂ ಇದ್ದೀರಿ. ಕಾಲೇಜಿಗೆ ಹೋಗುವ ಅಣ್ಣಂದಿರಂತೂ ಮೈಸೂರಿಗೋ, ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಿ ತರುವ ಮಾತಾಡುತ್ತಿರುತ್ತಾರೆ. ಆಟ ಆಡುವುದು ತಪ್ಪಲ್ಲ. ಆದರೆ ಕಾರ್ಡಿಗೆ ಹತ್ತಾರು ಸಾವಿರ ರೂಪಾಯಿ ಬೇಕು. ನಮ್ಮ ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ಅದು ರೇಷ್ಮೆಗೂಡು ಮಾರಿದ ದುಡ್ಡಾಗಿರಬಹುದು, ಅಪ್ಪ ಅಮ್ಮ ತಿಂಗಳುಗಟ್ಟಲೆ ದುಡಿದ ಕೂಲಿಯಾಗಿರಬಹುದು. ಅಂಥ ದುಡ್ಡು ಕೊಟ್ಟು ತಂದ ಕಾರ್ಡು ಒಂದೇ ಬೇಸಿಗೆಗೆ ಕೆಟ್ಟು ಕೂತರೆ ಯಾರಿಗೆ ಹೇಳೋಣ?

ಹೆಚ್ಚಿನವರು ಕಾರ್ಡಿನ ಹೆಸರಿನ ನಂಬರ್ ನೋಡುತ್ತಾರೆ. ನಂಬರ್ ದೊಡ್ಡದಿದ್ದರೆ ಒಳ್ಳೆಯದು ಅಂತ ಲೆಕ್ಕ. ಆದರೆ ನಮ್ಮಂಥ ಊರಲ್ಲಿ ಮೊದಲು ನೋಡಬೇಕಾದ್ದು ಕಾವು. ಕಾವನ್ನು ಹೊರಗೆ ಕಳಿಸಲು ಆಗದಿದ್ದರೆ ಎಷ್ಟು ದೊಡ್ಡ ಕಾರ್ಡೂ ದಂಡ. ಅದು ಹೇಗೆ ಎಂದು ಒಂದೊಂದಾಗಿ ನೋಡೋಣ.

1. ಕಾರ್ಡ್ ಮಾಡುವ ಕೆಲಸವೇನು?

ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿದರೆ 20,73,600 ಚುಕ್ಕಿ. ಆಟ ನಡುಗದೆ ಓಡಬೇಕಾದರೆ ಒಂದು ಸೆಕೆಂಡಿಗೆ 60 ಸಲ ಚಿತ್ರ ಬದಲಾಗಬೇಕು. ಅಂದರೆ ಸೆಕೆಂಡಿಗೆ 12,44,16,000 ಚುಕ್ಕಿಗಳ ಬಣ್ಣ ಗುಣಿಸಬೇಕು. ಈ ಕೆಲಸಕ್ಕಾಗಿಯೇ ಇರುವ ಚಿಪ್ಪಿಗೆ ಜಿಪಿಯು ಎನ್ನುತ್ತಾರೆ. ಆಟದ ಕಾರ್ಡುಗಳ ಚಿಪ್ ತಯಾರಿಕೆಯಲ್ಲಿ ಎನ್ವಿಡಿಯಾ ಮತ್ತು ಎಎಂಡಿ ದೊಡ್ಡ ಕಂಪನಿಗಳು. ಎರಡಕ್ಕೂ ಬೆಂಗಳೂರಿನಲ್ಲಿ ಇಂಜಿನಿಯರುಗಳ ಕೇಂದ್ರಗಳಿವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಅಲ್ಲೇ ತೆರೆಯಿತು.

2. ಕಾವು ಎಲ್ಲಿಂದ ಬರುತ್ತದೆ?

ತಂತಿಯಲ್ಲಿ ವಿದ್ಯುತ್ ಹರಿದರೆ ಶಾಖ ಹುಟ್ಟುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಚಿಪ್ಪಿನಲ್ಲೂ ಅಷ್ಟೇ. ಕಾರ್ಡ್ ತೆಗೆದುಕೊಳ್ಳುವ ಕರೆಂಟೆಲ್ಲ ಕೊನೆಗೆ ಕಾವಾಗಿಯೇ ಹೊರಗೆ ಬರುತ್ತದೆ. 115 ವಾಟ್ ಕಾರ್ಡ್ ಎಂದರೆ 115 ವಾಟಿನ ಒಂದು ಪುಟ್ಟ ಒಲೆ ಎಂದೇ ತಿಳಿಯಿರಿ.

ಎನ್ವಿಡಿಯಾದ ಆರ್‌ಟಿಎಕ್ಸ್ 4060 ಕಾರ್ಡಿನ ಚಿಪ್ ಸುಮಾರು 159 ಚದರ ಮಿಲಿಮೀಟರ್, ಹೆಚ್ಚುಕಡಿಮೆ ಹೆಬ್ಬೆಟ್ಟಿನ ಉಗುರಿನಷ್ಟು. ಅದರೊಳಗೆ 1,890 ಕೋಟಿ ಟ್ರಾನ್ಸಿಸ್ಟರುಗಳಿವೆ. ಇಸ್ತ್ರಿ ಪೆಟ್ಟಿಗೆಯ ಕಾವು ಅಗಲವಾದ ತಳಕ್ಕೆಲ್ಲ ಹರಡಿರುತ್ತದೆ. ಇಲ್ಲಿ ಬಹುಪಾಲು ಕಾವು ಉಗುರಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಅದನ್ನು ತಾಮ್ರದ ಕೊಳವೆ, ಅಲ್ಯುಮಿನಿಯಂ ರೆಕ್ಕೆ, ಫ್ಯಾನು ಎಲ್ಲ ಸೇರಿ ಹೊರಗೆ ತಳ್ಳಬೇಕು.

3. ಮನೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ

ಇದು ಮುಖ್ಯವಾದ ಲೆಕ್ಕ. ಕಾರ್ಡುಗಳ ಪರೀಕ್ಷೆಯನ್ನು ಹೆಚ್ಚಾಗಿ ತಂಪಾದ ಕೋಣೆಯಲ್ಲಿ ಮಾಡುತ್ತಾರೆ. ಕೋಣೆ 22 ಡಿಗ್ರಿ ಇದ್ದಾಗ ಚಿಪ್ 70 ಡಿಗ್ರಿಗೆ ಏರಿತು ಅನ್ನಿ. ಏರಿಕೆ 48 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ನಮ್ಮ ಶೀಟಿನ ಮನೆಯೊಳಗೆ 36 ಡಿಗ್ರಿ ಇದ್ದರೆ? 36ಕ್ಕೆ 48 ಕೂಡಿಸಿ. 84 ಡಿಗ್ರಿ! ಕಾರ್ಡ್ ಅದೇ, ಆಟ ಅದೇ, ಊರು ಮಾತ್ರ ಬೇರೆ. (ಫ್ಯಾನ್ ಜೋರಾಗಿ ತಿರುಗಿದರೆ ಸ್ವಲ್ಪ ಇಳಿಯುತ್ತದೆ. ಆದರೂ ಅಂದಾಜಿಗೆ ಈ ಲೆಕ್ಕ ಸಾಕು.)

ಆಟ ಆಡುವಾಗ 65ರಿಂದ 80 ಡಿಗ್ರಿ ಇದ್ದರೆ ಹೆದರಬೇಕಾಗಿಲ್ಲ. ಆರ್‌ಟಿಎಕ್ಸ್ 4060ಕ್ಕೆ ಕಂಪನಿ ಹೇಳಿರುವ ಗರಿಷ್ಠ ಮಿತಿ 90 ಡಿಗ್ರಿ. ಮಿತಿಯ ಹತ್ತಿರ ಹೋದಾಗ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆಗ ಆಟ ತಡವರಿಸುತ್ತದೆ. ಅಂದರೆ ದೊಡ್ಡ ಕಾರ್ಡಿಗೆ ದುಡ್ಡು ಕೊಟ್ಟು ಚಿಕ್ಕ ಕಾರ್ಡಿನ ಕೆಲಸ ತೆಗೆದುಕೊಂಡ ಹಾಗಾಯಿತು.

4. ಕಾವಿನಿಂದ ಕಾರ್ಡ್ ಕೆಡುವುದು ಹೇಗೆ?

ಕಾದರೆ ಲೋಹ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಚಿಪ್ಪನ್ನು ಹಲಗೆಗೆ ಹಿಡಿದಿರುವುದು ಬೆಸುಗೆಯ ಸಣ್ಣ ಸಣ್ಣ ಗುಂಡುಗಳು. ದಿನವೂ ಕಾದು ಆರಿ, ಕಾದು ಆರಿ, ಒಂದು ದಿನ ಅವು ಬಿರುಕು ಬಿಡಬಹುದು. ಇದು ಬರೀ ಪುಸ್ತಕದ ಮಾತಲ್ಲ. ಜಗತ್ತಿನ ದೊಡ್ಡ ಕಂಪನಿಗಳೇ ಇದರ ಪಾಠ ಕಲಿತಿವೆ.

2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಎಕ್ಸ್‌ಬಾಕ್ಸ್ 360 ಆಟದ ಯಂತ್ರಗಳು ಕೆಡುತ್ತಿದ್ದುದಕ್ಕೆ ವಾರಂಟಿಯನ್ನು 3 ವರ್ಷಕ್ಕೆ ಏರಿಸಿತು. ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ತೆಗೆದಿಟ್ಟಿತು. 2008ರ ಜುಲೈನಲ್ಲಿ ಎನ್ವಿಡಿಯಾ, ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಜೋಡಣೆಯ ವಸ್ತು ದುರ್ಬಲವಾಗಿ ಅವು ಕೆಡುತ್ತಿವೆ ಎಂದು ತಿಳಿಸಿ 15ರಿಂದ 20 ಕೋಟಿ ಡಾಲರ್ ಖರ್ಚು ತೋರಿಸಿತು.

2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಎಂಬ 450 ವಾಟ್ ಕಾರ್ಡಿನ ಕರೆಂಟ್ ಪ್ಲಗ್ಗುಗಳು ಕೆಲವರ ಮನೆಯಲ್ಲಿ ಕರಗಿದವು. ಪ್ಲಗ್ ಪೂರ್ತಿ ಒಳಗೆ ಕೂರದಿರುವುದೇ ಮುಖ್ಯ ಕಾರಣ ಎಂದು ಕಂಪನಿ ಹೇಳಿತು. ಮುಂದೆ 2023ರಲ್ಲಿ ಆ ಪ್ಲಗ್ಗಿನ ವಿನ್ಯಾಸವನ್ನೇ ತಿದ್ದಿದರು. ಅದೇ ಹೊತ್ತಿನಲ್ಲಿ ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳ ಒಂದು ಭಾಗದಲ್ಲಿ, ತಂಪು ಮಾಡುವ ಆವಿಪೆಟ್ಟಿಗೆಯೊಳಗೆ ನೀರು ಸಾಲದೆ ಚಿಪ್ಪಿನ ಬಿಸಿ ಜಾಗ 110 ಡಿಗ್ರಿ ಮುಟ್ಟುತ್ತಿತ್ತು. ಕಂಪನಿ ಒಪ್ಪಿಕೊಂಡು ಬದಲಾಯಿಸಿ ಕೊಟ್ಟಿತು.

ಇದರಿಂದ ತಿಳಿಯುವುದೇನಪ್ಪಾ ಅಂದ್ರೆ, ಹೆಸರುವಾಸಿ ಕಂಪನಿ ಎಂದ ಮಾತ್ರಕ್ಕೆ ಕೆಡುವುದೇ ಇಲ್ಲ ಎಂದಲ್ಲ. ಕೆಟ್ಟಾಗ ಕೇಳುವ ಹಕ್ಕು ನಿಮ್ಮ ಕೈಯಲ್ಲಿರಬೇಕು. ಬಿಲ್ಲು ಬೇಕೇ ಬೇಕು ಅನ್ನುವುದು ಅದಕ್ಕೇ.

5. ವಾಟ್ ನೋಡಿ ಆರಿಸಿ

ಅ) ಕಾರ್ಡೇ ಬೇಡ: ರೈಜನ್ 5 5600ಜಿ ಯಂಥ ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇದೆ. ಹಗುರ ಆಟಗಳಿಗೆ ಇದು ಸಾಕು. ಇದನ್ನು ಯಾರೂ ಹೇಳುವುದಿಲ್ಲ, ನಾವು ಮೊದಲೇ ಹೇಳುತ್ತೇವೆ.

ಆ) 75 ವಾಟ್ ಒಳಗೆ: ಮದರ್‌ಬೋರ್ಡಿನ ಸ್ಲಾಟ್ 75 ವಾಟ್ ತನಕ ಕೊಡುತ್ತದೆ. ಜಿಟಿಎಕ್ಸ್ 1650 (75 ವಾಟ್), ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ (70 ವಾಟ್) ಈ ಗುಂಪಿನವು. ಹೆಚ್ಚಿನ ಮಾದರಿಗಳಿಗೆ ಬೇರೆ ವೈರ್ ಬೇಡ. ಹಳೆಯ ಕಂಪ್ಯೂಟರಿಗೆ ಇವೇ ಹೊಂದುತ್ತವೆ.

ಇ) 115ರಿಂದ 170 ವಾಟ್: ಆರ್‌ಟಿಎಕ್ಸ್ 4060 (115), ಆರ್‌ಎಕ್ಸ್ 6600 (132), ಆರ್‌ಟಿಎಕ್ಸ್ 3060 (170). 2021ರ 3060ಕ್ಕಿಂತ 2023ರ 4060 ಕಡಿಮೆ ಕರೆಂಟಿನಲ್ಲಿ ಅಷ್ಟೇ ಅಥವಾ ಸ್ವಲ್ಪ ಹೆಚ್ಚು ಕೆಲಸ ಮಾಡುತ್ತದೆ. ಆದರೆ 3060ರಲ್ಲಿ 12 ಜಿಬಿ ಮೆಮೊರಿಯ ಮಾದರಿ ಸಿಗುತ್ತದೆ, 4060ರಲ್ಲಿ 8 ಜಿಬಿ. ಎನ್ವಿಡಿಯಾ ಈ ಎರಡಕ್ಕೂ 550 ವಾಟಿನ ಎಸ್‌ಎಂಪಿಎಸ್ ಇರಲಿ ಎನ್ನುತ್ತದೆ.

ಒಂದೇ ಚಿಪ್ಪಿನ ಕಾರ್ಡನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ. ಚಿಪ್ ಒಂದೇ ಆದರೂ ಫ್ಯಾನು, ರೆಕ್ಕೆ ಬೇರೆ. ಎರಡು ಫ್ಯಾನಿನ, ದಪ್ಪ ರೆಕ್ಕೆಯ ಮಾದರಿ ನಮ್ಮ ಬಿಸಿಲಿಗೆ ಒಳ್ಳೆಯದು. ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ಒಳಅಳತೆಯನ್ನು ಸ್ಕೇಲಿನಲ್ಲಿ ಅಳೆದುಕೊಂಡು ಹೋಗಿ.

6. ಹಳೇ ಕಾರ್ಡ್ ಅಗ್ಗಕ್ಕೆ ಸಿಕ್ಕಿದರೆ?

2022ರ ಸೆಪ್ಟೆಂಬರ್ 15ರವರೆಗೆ ಇಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲು ಜನ ಗ್ರಾಫಿಕ್ಸ್ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. ಆ ದಿನ ಪದ್ಧತಿ ಬದಲಾಯಿತು, ಕಾರ್ಡುಗಳು ಹಳೇ ಮಾಲಿನ ಸಂತೆಗೆ ಬಂದವು. ಎಲ್ಲವೂ ಕೆಟ್ಟವಲ್ಲ. ನೋಡಿ ತರಬೇಕು ಅಷ್ಟೇ.

• ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ, ಡಿಗ್ರಿ ನೋಡಿ. ಪರದೆಯ ಮೇಲೆ ಬಣ್ಣದ ಚುಕ್ಕಿ, ಗೆರೆ ಬಂದರೆ ಬಿಟ್ಟು ಬನ್ನಿ.
• ಹಳೆಯ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುವವರಿದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಅಂಥ ಹಲವು ನಕಲಿಗಳನ್ನು ಹಿಡಿದು ತೋರಿಸುತ್ತದೆ.
• ಸತ್ತ ಕಾರ್ಡನ್ನು ಬಿಸಿಗಾಳಿಯಿಂದ ಕಾಯಿಸಿ ಎಬ್ಬಿಸಿ ಮಾರುವುದೂ ಉಂಟು. ಅದು ಹೆಚ್ಚು ದಿನ ಬಾಳುವುದಿಲ್ಲ.

7. ಗಾಳಿ, ದೂಳು, ಕರೆಂಟು

ಹುಳುಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳೆದ ರೇಷ್ಮೆಹುಳುವಿಗೆ ಸುಮಾರು 24-25 ಡಿಗ್ರಿ ತಂಪು ಬೇಕು, ಗಾಳಿ ಆಡಬೇಕು. ಕಿಟಕಿ ಮುಚ್ಚಿ ಕಾವು ಕಟ್ಟಿದರೆ ಬೆಳೆ ಹೋದಂತೆ. ಕಂಪ್ಯೂಟರ್ ಪೆಟ್ಟಿಗೆಯೂ ಹಾಗೇ. ಮುಂದಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಬಿಸಿ ಗಾಳಿ ಹೊರಗೆ. ಗೋಡೆಗೆ ಒತ್ತಿ ಇಡಬೇಡಿ, ಮರದ ಬೀರುವಿನೊಳಗೆ ತುರುಕಬೇಡಿ. ದೂಳು ಬೀಳಬಾರದೆಂದು ಹೊದಿಸಿದ ಬಟ್ಟೆಯನ್ನು ಆಡುವಾಗ ಪೂರ್ತಿ ತೆಗೆಯಿರಿ.

ಎರಡು ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಮೆತ್ತನೆಯ ಬ್ರಷ್ಷಿನಿಂದ ದೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಿ, ತಿರುಗಲು ಬಿಡಬೇಡಿ. ಹಲ್ಲಿ, ಇರುವೆ ಸೇರದ ಹಾಗೆ ಹಿಂದಿನ ಖಾಲಿ ಕಿಂಡಿಗಳಿಗೆ ತಗಡು ಹಾಕಿ.

ಕರೆಂಟು ಹೋಗಿ ಬರುವ ಊರಲ್ಲಿ ಅಗ್ಗದ ಎಸ್‌ಎಂಪಿಎಸ್ ಹಾಕಬೇಡಿ. ಕಾರ್ಡಿನಲ್ಲಿ ಉಳಿಸಿ ಇದಕ್ಕೆ ಹಾಕಿ. ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ವೈರಿಂಗ್ ಮಾಡುವವರಿಂದ ನೋಡಿಸಿ. ಯುಪಿಎಸ್ ಮೇಲೆ 600 ವಿಎ ಎಂದಿದ್ದರೆ ಸಾಮಾನ್ಯವಾಗಿ ಅದು ಕೊಡುವುದು 360 ವಾಟ್ ಅಷ್ಟೇ.

ಮಾನಿಟರ್ ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದಾದರೆ ಆಟವನ್ನೂ 60ಕ್ಕೆ ನಿಲ್ಲಿಸಿ. 120 ಚಿತ್ರ ಬರೆದರೂ ನೋಡುವುದು 60 ತಾನೇ? ಸುಮ್ಮನೆ ಕಾವು. ಕಾರ್ಡಿನ ಕರೆಂಟ್ ಮಿತಿಯನ್ನು ತಂತ್ರಾಂಶದಲ್ಲಿ 80 ಶೇಕಡಕ್ಕೆ ಇಳಿಸಿದರೂ ವೇಗ ಸ್ವಲ್ಪವೇ ತಗ್ಗುತ್ತದೆ, ಕಾವು ಚೆನ್ನಾಗಿ ಇಳಿಯುತ್ತದೆ. ಬಿಡಿಗಾಸಿನ ಖರ್ಚಿಲ್ಲ.

8. ಬಿಲ್ಲು ಜೋಪಾನ

ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಪೆಟ್ಟಿಗೆ ಎಸೆಯಬೇಡಿ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಎಂದರೆ ಒಪ್ಪಬೇಡಿ. ವಾರಂಟಿಯಲ್ಲಿದ್ದೂ ರಿಪೇರಿ ಮಾಡಿಕೊಡದೆ ಸತಾಯಿಸಿದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಕಾರ್ಡಿಗೂ ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು. ಎರಡು ವರ್ಷದೊಳಗೆ ದೂರು ಕೊಡಬೇಕು.

ನೆನಪಿಡಿ: ಮೊದಲು ಮನೆಯ ಬಿಸಿ, ಆಮೇಲೆ ಎಸ್‌ಎಂಪಿಎಸ್, ಆಮೇಲೆ ಕ್ಯಾಬಿನೆಟ್ಟಿನ ಗಾಳಿ, ಆಮೇಲೆ ವಾರಂಟಿ. ಈ ನಾಲ್ಕಕ್ಕೂ ಹೊಂದುವ ಕಾರ್ಡೇ ನಿಮ್ಮ ಕಾರ್ಡು. ಹೆಸರಿನ ನಂಬರ್ ಕಡೆಗೆ.

ಅಭ್ಯಾಸ

1. 22 ಡಿಗ್ರಿಯ ಕೋಣೆಯಲ್ಲಿ 68 ಡಿಗ್ರಿಗೆ ಏರುವ ಕಾರ್ಡು 37 ಡಿಗ್ರಿಯ ಕೋಣೆಯಲ್ಲಿ ಸುಮಾರು ಎಷ್ಟಕ್ಕೆ ಏರುತ್ತದೆ?
2. ಕಾರ್ಡಿಗೆ 170 ವಾಟ್, ಉಳಿದ ಭಾಗಗಳಿಗೆ 150 ವಾಟ್. ದಿನಕ್ಕೆ 2 ಗಂಟೆಯಂತೆ 30 ದಿನ ಆಡಿದರೆ ಎಷ್ಟು ಯೂನಿಟ್ ಕರೆಂಟ್? ಕಾರ್ಡು 115 ವಾಟಿನದಾದರೆ ಎಷ್ಟು ಉಳಿತಾಯ?
3. ಮಾಡಿ ನೋಡಿ: ಈ ವಾರ ಮಧ್ಯಾಹ್ನ 2 ಗಂಟೆಗೆ ನಿಮ್ಮ ಮನೆಯೊಳಗಿನ ಉಷ್ಣತೆಯನ್ನು ಥರ್ಮಾಮೀಟರಿನಲ್ಲಿ ಅಳೆದು ಬರೆಯಿರಿ. ಶೀಟಿನ ಮನೆ, ಹೆಂಚಿನ ಮನೆ, ಆರ್‌ಸಿಸಿ ಮನೆ ಮೂರನ್ನೂ ಹೋಲಿಸಿ.

ಉತ್ತರಗಳನ್ನು ನೋಟ್ ಪುಸ್ತಕದಲ್ಲಿ ಬರೆದು ವಿಜ್ಞಾನ ಮೇಷ್ಟ್ರಿಗೆ ತೋರಿಸಿ. ಮೂರನೆಯದರ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಹಾಕೋಣ.