ಮೈತೂಕವೂ ಹಿಡಿತದ ಬಲವೂ

ಬಾವಿಯಿಂದ ನೀರು ಸೇದುವುದು, ದಪ್ಪ ಜಮಖಾನವನ್ನು ಒಗೆದು ಹಿಂಡುವುದು, ಬಿಗಿದು ಕುಳಿತ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತೆಗೆಯುವುದು, ಇವೆಲ್ಲ ಕೈಯ ಹಿಡಿತವನ್ನು ಬೇಡುವ ಕೆಲಸಗಳು. ಇಂಥ ಸಂದರ್ಭದಲ್ಲಿ ಮನೆಯಲ್ಲಿ ದಪ್ಪನಾಗಿರುವವರನ್ನು ಕರೆಯುವುದು ವಾಡಿಕೆ. ತೂಕವಿದ್ದಲ್ಲಿ ಬಲವೂ ಇರಲೇಬೇಕೆಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ವಿಚಾರಿಸೋಣ.

ಹಿಡಿತದ ಬಲವನ್ನು ಅಳೆಯುವ ಉಪಕರಣಕ್ಕೆ ಡೈನಮೊಮೀಟರ್, ಅಂದರೆ ಬಲಮಾಪಕ, ಎಂದು ಹೆಸರು. ಅದರ ಹಿಡಿಯನ್ನು ಶಕ್ತಿಮೀರಿ ಅದುಮಿದರೆ, ಅದುಮಿದ ಬಲವನ್ನು ಮುಳ್ಳು ಕಿಲೋಗ್ರಾಂಗಳ ಲೆಕ್ಕದಲ್ಲಿ ತೋರಿಸುತ್ತದೆ. 1884ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಆರೋಗ್ಯ ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ಒಂದು ಪ್ರಯೋಗಶಾಲೆಯನ್ನು ತೆರೆದಿದ್ದನು. ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಮೂರು ಪೆನ್ನಿ ಶುಲ್ಕ ತೆತ್ತು, ಎತ್ತರ ತೂಕಗಳೊಡನೆ ಮುಷ್ಟಿಯ ಬಲವನ್ನೂ ಅಲ್ಲಿ ಅಳೆಯಿಸಿಕೊಂಡರು. ತನ್ನನ್ನೇ ಅಳೆಯಿಸಿಕೊಳ್ಳಲು ಹಣ ಕೊಡುವ ಕುತೂಹಲ ಮನುಷ್ಯನಿಗೆ ಹಿಂದಿನಿಂದಲೂ ಉಂಟು!

ಈ ಬಲ ಹುಟ್ಟುವುದೆಲ್ಲಿ? ಬೆರಳುಗಳಲ್ಲಿ ಎಂದು ತೋರುವುದು ಸಹಜ. ಆದರೆ ಬೆರಳುಗಳನ್ನು ಮಡಿಸುವ ಮುಖ್ಯ ಮಾಂಸಖಂಡಗಳು ಇರುವುದು ಮೊಣಕೈಗೂ ಮಣಿಕಟ್ಟಿಗೂ ನಡುವೆ, ಮುಂಗೈಯಲ್ಲಿ. ಅಲ್ಲಿಂದ ಹೊರಟ ಗಟ್ಟಿಯಾದ ಹುರಿಗಳು ಮಣಿಕಟ್ಟನ್ನು ಹಾದು ಬೆರಳಿನ ಮೂಳೆಗಳಿಗೆ ಅಂಟಿಕೊಂಡಿವೆ. ಎಡಗೈಯಿಂದ ಬಲಮುಂಗೈಯನ್ನು ಹಿಡಿದುಕೊಂಡು ಬಲಮುಷ್ಟಿಯನ್ನು ಬಿಗಿದು ನೋಡಿರಿ; ಮಾಂಸಖಂಡ ಉಬ್ಬಿ ಗಡುಸಾಗುವುದು ಕೂಡಲೇ ತಿಳಿಯುತ್ತದೆ.

ಮಾಂಸಖಂಡದ ಬಲ ಬಹುಮಟ್ಟಿಗೆ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿರುತ್ತದೆ. ದಪ್ಪ ಹಗ್ಗ ಸಣ್ಣ ಹಗ್ಗಕ್ಕಿಂತ ಹೆಚ್ಚು ಭಾರ ತಡೆಯುವಂತೆಯೇ ಇದು. ಇಲ್ಲಿ ಗಣಿತವು ಒಂದು ತೊಡಕನ್ನು ತಂದೊಡ್ಡುತ್ತದೆ. ಒಬ್ಬ ಮನುಷ್ಯನನ್ನು ಉದ್ದ, ಅಗಲ, ದಪ್ಪಗಳಲ್ಲಿ ಎರಡರಷ್ಟು ಹಿಗ್ಗಿಸಿದೆವೆಂದು ಭಾವಿಸೋಣ. ಅವನ ಮಾಂಸಖಂಡಗಳ ಅಡ್ಡಕೊಯ್ತ ನಾಲ್ಕು ಪಟ್ಟಾಗುತ್ತದೆ. ತೂಕವಾದರೋ ಎಂಟು ಪಟ್ಟಾಗುತ್ತದೆ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ ಈ ವಿಚಾರವನ್ನು ಚರ್ಚಿಸಿದ್ದಾನೆ. ಈ ಲೆಕ್ಕದಂತೆ 50 ಕಿಲೋಗ್ರಾಂ ತೂಗುವವನ ಹಿಡಿತ 32 ಕಿಲೋಗ್ರಾಂ ಇದ್ದರೆ, ಅದೇ ಮೈಕಟ್ಟಿನ 100 ಕಿಲೋಗ್ರಾಂ ಆಸಾಮಿಯ ಹಿಡಿತ 64 ಆಗದೆ ಸುಮಾರು 51 ಮಾತ್ರ ಆದೀತು.

ಇದೂ ಇಬ್ಬರ ಮೈಕಟ್ಟು ಒಂದೇ ಆಗಿದ್ದರೆ ಬಂದ ಮಾತು. ನಿಜಜೀವನದಲ್ಲಿ ಹೆಚ್ಚಿನ ತೂಕವು ಅನೇಕವೇಳೆ ಮಾಂಸದ್ದಲ್ಲ, ಕೊಬ್ಬಿನದು. ಕೊಬ್ಬು ಬೆರಳನ್ನು ಎಳೆಯಲಾರದು. ಹಲವು ಆರೋಗ್ಯವಂತರನ್ನು ಅಳೆದು ನೋಡಿದರೆ, ತೂಕ ಹೆಚ್ಚಿದಂತೆ ಹಿಡಿತವೂ ಸರಾಸರಿಯಲ್ಲಿ ಹೆಚ್ಚುವುದು ನಿಜವೇ. ಆದರೆ ಭಾರವಾಗಿರುವವರು ಸಾಮಾನ್ಯವಾಗಿ ಎತ್ತರದವರೂ ಅಗಲ ಅಂಗೈಯವರೂ ಹೆಚ್ಚು ಮಾಂಸಖಂಡ ಉಳ್ಳವರೂ ಆಗಿರುವುದು ಇದಕ್ಕೆ ಮುಖ್ಯ ಕಾರಣ. ಸಮತೂಕದ ಇಬ್ಬರಲ್ಲಿ, ದಿನವೂ ಗುದ್ದಲಿ ಹಿಡಿಯುವವನ ಮುಷ್ಟಿಯೇ ಮೇಲಾಗುವುದರಲ್ಲಿ ಆಶ್ಚರ್ಯವಿಲ್ಲ. ಸ್ಥೂಲಕಾಯದವರ ಕಾಲುಗಳಿಗೆ ಮೈಯನ್ನು ಹೊತ್ತು ನಡೆಯುವ ವ್ಯಾಯಾಮವಾದರೂ ದೊರೆಯುತ್ತದೆ; ಕೈಗಳಿಗೆ ಅದೂ ಇಲ್ಲ.

ಈ ವಿಚಾರ ಕೇವಲ ಕುತೂಹಲದ್ದಲ್ಲ. 17 ದೇಶಗಳ ಸುಮಾರು 1,40,000 ವಯಸ್ಕರನ್ನು ಕೆಲವು ವರ್ಷ ಗಮನಿಸಿದ ಒಂದು ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಭಾರತವೂ ಅದರಲ್ಲಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಅದರ ಒಂದು ಕೇಂದ್ರ. ಹಿಡಿತವು 5 ಕಿಲೋಗ್ರಾಂ ಕಡಿಮೆಯಿದ್ದವರಲ್ಲಿ ಮರಣದ ಸಂಭವ ಶೇಕಡಾ 16ರಷ್ಟು ಹೆಚ್ಚಾಗಿತ್ತು. ಹಾಗೆಂದು ರಬ್ಬರ್ ಚೆಂಡನ್ನು ಹಿಸುಕುತ್ತ ಕುಳಿತರೆ ಆಯುಸ್ಸು ಬೆಳೆಯುವುದೆಂದು ಯಾರೂ ತಿಳಿಯಬಾರದು. ಹಿಡಿತವು ಇಡೀ ದೇಹದ ಮಾಂಸಖಂಡಗಳ ಸ್ಥಿತಿಗೆ ಒಂದು ಸೂಚಕ, ಅಷ್ಟೆ.

ತೂಕದ ಯಂತ್ರಕ್ಕೆ ಕಾಣದ ಅಪಾಯವೊಂದು ಇಲ್ಲಿ ಬೆಳಕಿಗೆ ಬರುತ್ತದೆ. ನಲವತ್ತರಲ್ಲಿ 70 ಕಿಲೋಗ್ರಾಂ ಇದ್ದ ಗೃಹಸ್ಥರು ಅರವತ್ತೈದರಲ್ಲಿಯೂ ಅಷ್ಟೇ ತೂಗುತ್ತಿದ್ದರೆ ಹೆಮ್ಮೆಪಡುವುದುಂಟು. ಈ ನಡುವೆ ಮಾಂಸ ಕರಗಿ, ಆ ಸ್ಥಳವನ್ನು ಕೊಬ್ಬು ತುಂಬಿರಬಹುದು. ಬಲಮಾಪಕವನ್ನು ಕೈಗೆ ಕೊಟ್ಟರೆ ಗುಟ್ಟು ಬಯಲಾಗುತ್ತದೆ. ಏಷ್ಯಾದ ತಜ್ಞರ ಮಂಡಳಿಯೊಂದು 2019ರಲ್ಲಿ ಗಂಡಸರಿಗೆ 28, ಹೆಂಗಸರಿಗೆ 18 ಕಿಲೋಗ್ರಾಂಗಳನ್ನು ಗಡಿಯಾಗಿ ಗೊತ್ತುಪಡಿಸಿತು. ಅದಕ್ಕಿಂತ ಕಡಿಮೆಯಾದರೆ ಹಿಡಿತ ದುರ್ಬಲವೆಂದು ಲೆಕ್ಕ.

ಈ ಗಡಿಯಲ್ಲಿ ಮೈತೂಕದ ಪ್ರಸ್ತಾಪವೇ ಇಲ್ಲ. ಆದುದರಿಂದ ಬಲವನ್ನು ತೂಕದಿಂದ ಭಾಗಿಸಿ ನೋಡಬೇಕೆನ್ನುವವರೂ ಉಂಟು. ಅದೂ ನಿರ್ದುಷ್ಟವಲ್ಲ. ಮೇಲಿನ ಉದಾಹರಣೆಯ ಇಬ್ಬರನ್ನೇ ತೆಗೆದುಕೊಳ್ಳಿರಿ: ಮೊದಲನೆಯವನಿಗೆ 0.64, ಎರಡನೆಯವನಿಗೆ 0.51 ಬರುತ್ತದೆ. ಇಬ್ಬರ ಮಾಂಸಖಂಡಗಳೂ ಒಂದೇ ಗುಣದವಾಗಿದ್ದರೂ, ದೊಡ್ಡವನಾಗಿ ಬೆಳೆದ ತಪ್ಪಿಗೆ ಎರಡನೆಯವನು ದುರ್ಬಲನೆನಿಸಿಕೊಳ್ಳುತ್ತಾನೆ.